ಕತ್ತಿಯ ಭಯವೂ ಬೊಜ್ಜಿನ ಭಯವೂ

ಭಯವು ಮನುಷ್ಯನಿಗೆ ಹಗೆಯೋ ಗೆಳೆಯನೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ತುಂಬಿದ ಹೊಳೆಗೆ ಹೆದರಿ ದಡದಲ್ಲಿ ನಿಂತವನು ಜಾಣ. ನೀರೆಂದರೆ ಸಾಕು, ಹೆದರಿ ಬಾಯಾರಿ ಕುಳಿತವನು ಮೂಢ. ತುಂಗಭದ್ರೆಯ ದಡದಲ್ಲಿರುವ ಕೆಂಚನಗುಡ್ಡದವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹೊಳೆ ಉಕ್ಕಿದಾಗ ದೂರ ಸರಿಯುವುದೂ, ಇಳಿದಾಗ ಅದೇ ನೀರನ್ನು ಹಳೆಯ ಅಣೆಕಟ್ಟಿನಿಂದ ಕಾಲುವೆಗೆ ತಿರುಗಿಸಿ ಭತ್ತ ಬೆಳೆಯುವುದೂ ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಎಷ್ಟು ಹೆದರಬೇಕು, ಯಾವುದಕ್ಕೆ ಹೆದರಬೇಕು ಎಂಬ ಈ ವಿವೇಕವು ದೇಹದ ವಿಷಯದಲ್ಲಿಯೂ ಬೇಕಾಗಿರುವುದು. ಮಿತಿಮೀರಿದ ಮೈಭಾರವನ್ನು ಇಳಿಸುವುದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದೇ, ಅದರಿಂದ ಕೇಡಾದರೆ ಗತಿಯೇನು ಎಂದು ಇಂದು ಅನೇಕ ಮನೆಗಳಲ್ಲಿ ಚರ್ಚೆ ನಡೆಯುತ್ತಿರುವುದರಿಂದ, ಆ ಭಯವನ್ನು ತೂಗಿನೋಡುವ ಬಗೆಯನ್ನು ಇಲ್ಲಿ ವಿಚಾರಿಸುವೆವು.

ಇದು ಪಟ್ಟಣದ ಶ್ರೀಮಂತರಿಗೆ ಮಾತ್ರ ಸೇರಿದ ಮಾತೆಂದು ಯಾರೂ ತಿಳಿಯಬಾರದು. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲಿ ಶೇಕಡ ೩೦ರಷ್ಟು ಮಂದಿಯೂ, ಗಂಡಸರಲ್ಲಿ ಅದಕ್ಕಿಂತ ಕೊಂಚ ಹೆಚ್ಚು ಮಂದಿಯೂ ಇರಬೇಕಾದುದಕ್ಕಿಂತ ಅಧಿಕ ತೂಕದವರು. ಸಿರುಗುಪ್ಪದ ಸೀಮೆಯು ಭತ್ತದ ಸೀಮೆ. ಹಿಂದೆ ಮೂರು ಹೊತ್ತು ಅನ್ನವುಂಡವರು ಕೆಸರಿನಲ್ಲಿ ನಿಂತು ನಾಟಿ ಮಾಡಿ, ಕೊಯ್ದು, ಬಡಿದು, ಹೊತ್ತು ಅದನ್ನು ಅರಗಿಸುತ್ತಿದ್ದರು. ಈಗ ಟ್ರ್ಯಾಕ್ಟರು ಉಳುವುದು, ಯಂತ್ರವು ಕೊಯ್ಯುವುದು. ಉಣ್ಣುವ ತಟ್ಟೆ ಮಾತ್ರ ಹಳೆಯ ಅಳತೆಯಲ್ಲಿಯೇ ಉಳಿದಿರುವುದು. ಅದರ ಮೇಲೆ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಸಕ್ಕರೆ ತುಂಬಿದ ಚಹಾ. ಹೀಗಿರುವಾಗ ಸಕ್ಕರೆ ರೋಗ, ರಕ್ತದೊತ್ತಡ, ಮೊಣಕಾಲು ನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು ಮೊದಲಾದುವು ಹಳ್ಳಿಗೂ ಬಂದುದರಲ್ಲಿ ಆಶ್ಚರ್ಯವೇನು?

ಇಂಥ ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಮಾತೆತ್ತಿದರೆ ಹಿರಿಯರು, "ಬ್ಯಾಡವ್ವಾ, ದೇವರು ಕೊಟ್ಟ ಹೊಟ್ಟಿ ಯಾಕ ಕೊಯ್ಸಿಕೊಳ್ತಿ? ಉಣ್ಣೋದು ಕಡಿಮಿ ಮಾಡು, ಅಷ್ಟ ಸಾಕು" ಎನ್ನುವುದು ಸಹಜ. ಆ ಮಾತಿನ ಹಿಂದೆ ವಾತ್ಸಲ್ಯವಿರುವುದು. ಕೇಳಿದ ಸುದ್ದಿಗಳೂ ಇರುವುವು. ೨೦೨೨ರ ಮೇ ತಿಂಗಳಲ್ಲಿ ಕಿರುತೆರೆಯ ಯುವನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡರು. ಆಗ ಅವರಿಗೆ ಕೇವಲ ೨೧ ವರ್ಷ. ೨೦೨೪ರ ಏಪ್ರಿಲಿನಲ್ಲಿ ಪುದುಚೇರಿಯ ೨೬ ವರ್ಷದ ತರುಣನೊಬ್ಬನು ತೂಕವಿಳಿಸುವ ಶಸ್ತ್ರಚಿಕಿತ್ಸೆಗೆಂದು ಚೆನ್ನೈಗೆ ಹೋಗಿ ಪ್ರಾಣ ನೀಗಿದನು. ಇನ್ನು ಬಳ್ಳಾರಿಯ ಜನಕ್ಕೆ ಮನೆಯ ಬಾಗಿಲಿನ ನೆನಪೇ ಇರುವುದು: ೨೦೨೪ರ ನವೆಂಬರಿನಲ್ಲಿ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡು, ರಕ್ತನಾಳಕ್ಕೆ ಏರಿಸಿದ ದ್ರಾವಣದ ಗುಣದ ಮೇಲೆಯೇ ಶಂಕೆ ಹುಟ್ಟಿ, ಸರ್ಕಾರವು ಅದರ ಬಳಕೆಯನ್ನು ನಿಲ್ಲಿಸಬೇಕಾಯಿತು. ಇಷ್ಟನ್ನು ಕಂಡ ಜನರು ಕತ್ತಿಗೆ ಹೆದರಿದರೆ ಅದನ್ನು ಅಜ್ಞಾನವೆಂದು ನಗುವುದು ಸರಿಯಲ್ಲ. ಆದರೆ ಈ ಮೂರು ಸುದ್ದಿಗಳನ್ನು ಒಂದೇ ಗಂಟು ಕಟ್ಟುವುದೂ ಸರಿಯಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಕ್ರಿಯೆಯು ಅಂದಕ್ಕಾಗಿ ಮಾಡುವಂಥದು. ಅದರಿಂದ ಸಕ್ಕರೆ ರೋಗ ವಾಸಿಯಾಗದು, ತೂಕವೂ ಬಹಳ ಇಳಿಯದು. ಬೊಜ್ಜಿನ ರೋಗಕ್ಕೆ ಮಾಡುವ ಚಿಕಿತ್ಸೆಯು ಜಠರಕ್ಕೂ ಕರುಳಿಗೂ ಸಂಬಂಧಿಸಿದ್ದು. ಎರಡರ ಪ್ರಯೋಜನವೂ ಬೇರೆ, ಅಪಾಯವೂ ಬೇರೆ.

ಈ ಎರಡನೆಯದರಲ್ಲಿ ಇಂದು ಮುಖ್ಯವಾಗಿ ಎರಡು ಕ್ರಮಗಳು ಬಳಕೆಯಲ್ಲಿರುವುವು. ಮೊದಲನೆಯದು 'ಸ್ಲೀವ್'. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುವರು. ಉಳಿದುದು ಅಂಗಿಯ ತೋಳಿನಂತೆ ಕಿರಿದಾದ ನಳಿಕೆ. ತೆಗೆದುದನ್ನು ಮರಳಿ ಸೇರಿಸುವಂತಿಲ್ಲ. ಎರಡನೆಯದು 'ಬೈಪಾಸ್'. ಜಠರದ ಮೇಲ್ತುದಿಯಲ್ಲಿ ಕೋಳಿಮೊಟ್ಟೆಯಷ್ಟು ಚಿಕ್ಕ ಚೀಲವನ್ನು ಬೇರ್ಪಡಿಸಿ, ಸಣ್ಣ ಕರುಳನ್ನು ಕತ್ತರಿಸಿ ಅದರ ಕೆಳಗಿನ ತುದಿಯನ್ನು ಮೇಲೆ ತಂದು ಆ ಚೀಲಕ್ಕೆ ಜೋಡಿಸುವರು. ಕಾಲುವೆಯು ಹೊಳೆಯಿಂದ ಕವಲೊಡೆದು, ಒಂದಷ್ಟು ನೆಲವನ್ನು ಬಿಟ್ಟು, ಮುಂದೆ ಹರಿದಂತೆ ಅನ್ನವು ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಸಾಗುವುದು. ಎರಡನ್ನೂ ಸಾಮಾನ್ಯವಾಗಿ ಹೊಟ್ಟೆಯಲ್ಲಿ ನಾಲ್ಕೈದು ಚಿಕ್ಕ ರಂಧ್ರಗಳನ್ನು ಮಾಡಿ, ದುರ್ಬೀನಿನ ಸಹಾಯದಿಂದ ನಡೆಸುವರು. ಇವುಗಳಿಂದ ಊಟದ ಪ್ರಮಾಣ ಕುಗ್ಗುವುದಷ್ಟೇ ಅಲ್ಲ. ಹಸಿವನ್ನೂ ಸಕ್ಕರೆಯನ್ನೂ ಆಳುವ ಕರುಳಿನ ರಸಗಳೇ ಬದಲಾಗುವುವು.

ಹಿರಿಯರ ಅಂಜಿಕೆಗೆ ಚರಿತ್ರೆಯ ಬೆಂಬಲವೂ ಉಂಟು. ೧೯೫೪ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮುಂತಾದ ವೈದ್ಯರು ವರದಿಮಾಡಿದ, ಕರುಳಿನ ಬಹುಭಾಗವನ್ನು ದಾಟಿಸುವ ಕ್ರಮವು ತೂಕವನ್ನೇನೋ ಇಳಿಸಿತು. ಆದರೆ ಯಕೃತ್ತಿನ ಕೇಡನ್ನೂ ತೀವ್ರವಾದ ಪೋಷಣೆಯ ಕೊರತೆಯನ್ನೂ ತಂದುದರಿಂದ ಮುಂದೆ ಅದನ್ನು ಕೈಬಿಡಲಾಯಿತು. ಅಯೋವಾದ ಎಡ್ವರ್ಡ್ ಮೇಸನ್ನರು ೧೯೬೬ರಲ್ಲಿ ಆರಂಭಿಸಿದ ಜಠರದ ಬೈಪಾಸು ತಿದ್ದುಪಡಿಗಳನ್ನು ಪಡೆಯುತ್ತ ಇಂದಿನ ರೂಪಕ್ಕೆ ಬಂದಿತು. ಆದಕಾರಣ ಐವತ್ತು ವರ್ಷದ ಹಿಂದಿನ ಕಥೆಯಿಂದ ಇಂದಿನ ಅಪಾಯವನ್ನು ಅಳೆಯತಕ್ಕುದಲ್ಲ.

ಹಾಗಾದರೆ ಇಂದಿನ ಅಪಾಯವೆಷ್ಟು? ಎಲ್ಲಕ್ಕಿಂತ ಮೊದಲು ಪ್ರಾಣಭಯ. ಅಮೆರಿಕದಲ್ಲಿ ೪,೭೭೬ ಮಂದಿಯನ್ನು ಅನುಸರಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವತ್ತು ದಿನಗಳೊಳಗೆ ತೀರಿಕೊಂಡವರು ಶೇಕಡ ೦.೩, ಅಂದರೆ ಸಾವಿರಕ್ಕೆ ಮೂವರು. ನಾನಾ ದೇಶಗಳ ಮೂವತ್ತಾರು ಲಕ್ಷ ರೋಗಿಗಳ ಲೆಕ್ಕಗಳನ್ನು ಒಟ್ಟುಗೂಡಿಸಿ ೨೦೨೧ರಲ್ಲಿ ಹೊರಬಂದ ವಿಮರ್ಶೆಯಲ್ಲಿ ಅದು ಶೇಕಡ ೦.೦೮, ಎಂದರೆ ಹತ್ತು ಸಾವಿರಕ್ಕೆ ಎಂಟು. ನಮ್ಮ ಜನರು ಹೆಚ್ಚು ಯೋಚಿಸದೆ ಒಪ್ಪಿಕೊಳ್ಳುವ ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಸಾಲಿಗೇ ಇದು ಸೇರುವುದು. ಆದರೆ ಸರಾಸರಿಯೆಂಬುದು ಎಲ್ಲರ ಲೆಕ್ಕ, ಒಬ್ಬರ ಜಾತಕವಲ್ಲ. ಹಿಂದೆ ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದವರು, ನಿದ್ದೆಯಲ್ಲಿ ಉಸಿರುಕಟ್ಟುವ ರೋಗವುಳ್ಳವರು, ನಾಲ್ಕು ಹೆಜ್ಜೆ ನಡೆಯಲಾರದಷ್ಟು ಕುಗ್ಗಿದವರು, ಇವರಿಗೆ ತೊಡಕು ಹೆಚ್ಚೆಂದು ೨೦೦೯ರ ಅಧ್ಯಯನವೇ ತಿಳಿಸಿತು.

ಅಪಾಯವನ್ನು ಹೆಚ್ಚು ಕಡಮೆ ಮಾಡುವ ಇನ್ನೊಂದು ವಸ್ತು ವೈದ್ಯರ ಕೈ. ಅಮೆರಿಕದ ಮಿಷಿಗನ್ನಿನಲ್ಲಿ ಇಪ್ಪತ್ತು ಮಂದಿ ಶಸ್ತ್ರವೈದ್ಯರು ತಾವು ಮಾಡಿದ ಬೈಪಾಸಿನ ಚಿತ್ರಗಳನ್ನು ಒಪ್ಪಿಸಿದರು. ಯಾರದೆಂದು ತಿಳಿಯದ ಇತರ ವೈದ್ಯರು ಅವುಗಳನ್ನು ನೋಡಿ ಕೈಚಳಕಕ್ಕೆ ಅಂಕ ಕೊಟ್ಟರು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಮೆ ಅಂಕ ಪಡೆದ ಕಾಲುಭಾಗದವರ ರೋಗಿಗಳಲ್ಲಿ ಶೇಕಡ ೧೪.೫ ಮಂದಿಗೆ ತೊಡಕು; ಹೆಚ್ಚು ಅಂಕ ಪಡೆದ ಕಾಲುಭಾಗದವರಲ್ಲಿ ಶೇಕಡ ೫.೨. ಚಿಕಿತ್ಸೆ ಒಂದೇ, ಕೈ ಬೇರೆ. ಫಲದಲ್ಲಿ ಇಷ್ಟು ಅಂತರ! ಆದುದರಿಂದ 'ಈ ಚಿಕಿತ್ಸೆ ಅಪಾಯವೇ?' ಎಂದು ಕೇಳುವುದಕ್ಕಿಂತ 'ಯಾರ ಕೈಯಲ್ಲಿ, ಎಂಥ ಆಸ್ಪತ್ರೆಯಲ್ಲಿ?' ಎಂದು ಕೇಳುವುದೇ ವಿವೇಕ. ಚೆನ್ನೈಯ ಪ್ರಕರಣದ ಬಳಿಕ ತನಿಖೆ ನಡೆದು ಆ ಆಸ್ಪತ್ರೆಯ ನೋಂದಣಿಯನ್ನು ತಾತ್ಕಾಲಿಕವಾಗಿ ರದ್ದುಪಡಿಸಿದ್ದೂ ಈ ಪ್ರಶ್ನೆಯ ಬೆಲೆಯನ್ನೇ ಸೂಚಿಸುವುದು.

ಮೊದಲ ದಿನಗಳ ತೊಡಕುಗಳಲ್ಲಿ ಮುಖ್ಯವಾದುವು ಮೂರು: ರಕ್ತಸ್ರಾವ, ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಏರುವುದು, ಹೊಲಿದ ಕಡೆಯಲ್ಲಿ ಜಠರ ಅಥವಾ ಕರುಳು ಸೋರುವುದು. ಹೆಪ್ಪುಗಟ್ಟದಿರಲೆಂದೇ ರೋಗಿಯನ್ನು ಅದೇ ದಿನ ಇಲ್ಲವೆ ಮರುದಿನ ಎಬ್ಬಿಸಿ ನಡೆಸುವರು. 'ಹೊಟ್ಟೆ ಕೊಯ್ಸಿಕೊಂಡವಳು ಮಲಗಿರಲಿ' ಎಂಬ ಮನೆಯವರ ಮರುಕವು ಇಲ್ಲಿ ಕೇಡೇ ಹೊರತು ಉಪಕಾರವಲ್ಲ. ಸೋರಿಕೆಯು ವಿರಳ, ಆದರೆ ಮನೆಗೆ ಬಂದ ಮೇಲೆಯೂ ಕಾಣಿಸಿಕೊಳ್ಳಬಹುದಾದುದರಿಂದ ಅದರ ಗುರುತುಗಳನ್ನು ಮನೆಯವರೆಲ್ಲರೂ ತಿಳಿದಿರತಕ್ಕುದು. ಸುಮ್ಮನೆ ಕುಳಿತಿದ್ದರೂ ಎದೆ ವೇಗವಾಗಿ ಬಡಿಯುವುದು, ಜ್ವರ, ಏರುತ್ತಿರುವ ಹೊಟ್ಟೆನೋವು ಅಥವಾ ಎಡಭುಜದ ನೋವು, ಉಸಿರಿನ ತೊಂದರೆ—ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಇಲ್ಲಿಯೇ ಕೆಂಚನಗುಡ್ಡದಂಥ ಊರಿನವರು ಪಟ್ಟಣದವರಿಗಿಂತ ಒಂದು ಲೆಕ್ಕವನ್ನು ಹೆಚ್ಚಾಗಿ ಹಾಕಬೇಕಾಗಿರುವುದು. ಸಿರುಗುಪ್ಪವು ಸಮೀಪವೇ, ಆದರೆ ಅಲ್ಲಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಬಳ್ಳಾರಿಯಿಂದ ಬೆಂಗಳೂರಿಗೆ ಮುನ್ನೂರಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಾಲ್ಕನೆಯ ದಿನ ಊರಿಗೆ ಬಂದವರಿಗೆ ಎಂಟನೆಯ ದಿನದ ನಡುರಾತ್ರಿ ಜ್ವರ ಬಂದರೆ ಎಲ್ಲಿಗೆ ಹೋಗಬೇಕು? ಯಾವ ವೈದ್ಯರಿಗೆ ಫೋನು ಮಾಡಬೇಕು? ಈ ಉತ್ತರವು ಚಿಕಿತ್ಸೆಗೆ ಮೊದಲೇ ಕಾಗದದ ಮೇಲೆ ಬರೆದಿರಬೇಕು. ಮೊದಲ ಕೆಲವು ವಾರಗಳನ್ನು ಆಸ್ಪತ್ರೆಯಿರುವ ಊರಿನಲ್ಲಿಯೇ ಬಂಧುಗಳ ಮನೆಯಲ್ಲಿ ಕಳೆಯುವುದು ಸಾಧ್ಯವಾದರೆ ಅದು ಬಹಳ ಒಳ್ಳೆಯದು. ಬಳ್ಳಾರಿಯಲ್ಲಿ ೧೯೬೧ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು. ಹೃದಯ, ಉಸಿರು, ಸಕ್ಕರೆ, ಥೈರಾಯ್ಡು ಇವುಗಳ ಪರೀಕ್ಷೆಯನ್ನು ಸಮೀಪದಲ್ಲಿಯೇ ಮುಗಿಸಿ, ಅಲ್ಲಿಯ ವೈದ್ಯರ ಪರಿಚಯವಿಟ್ಟುಕೊಂಡು, ಎಲ್ಲ ಕಾಗದಗಳ ಪ್ರತಿಯನ್ನು ಮನೆಯಲ್ಲಿಡುವುದು ಜಾಣತನ.

ಎರಡನೆಯ ಬಗೆಯ ತೊಡಕುಗಳು ನಿಧಾನವಾಗಿ ಬರುವಂಥವು. ಜನರು ಇವುಗಳಿಗೆ ಹೆದರುವುದು ಕಡಮೆ, ಹೆದರಬೇಕಾದುದು ಹೆಚ್ಚು. ಸ್ಲೀವಿನ ಬಳಿಕ ಕೆಲವರಿಗೆ ಎದೆಯುರಿ ಹೆಚ್ಚುವುದು. ತೂಕವು ಬೇಗನೆ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು. ಬೈಪಾಸಿನವರು ಹೋಳಿಗೆ, ಜಿಲೇಬಿಯಂಥ ಸಿಹಿಯನ್ನು ತಿಂದರೆ ಬೆವರು, ನಡುಕ, ತಲೆಸುತ್ತು, ಭೇದಿ ಬರುವುದುಂಟು. ಜಾತ್ರೆಯ ದಿನ 'ಒಂದೇ ಒಂದು ತಿನ್ನು' ಎಂಬ ಒತ್ತಾಯವು ಅವರಿಗೆ ಶಿಕ್ಷೆಯಾಗುವುದು. ಕಬ್ಬಿಣ, ಬಿ-೧೨, ಡಿ ಜೀವಸತ್ವ, ಸುಣ್ಣದ ಅಂಶ ಇವುಗಳ ಕೊರತೆ ಬಾರದಂತೆ ಮಾತ್ರೆಗಳನ್ನು ಆಯುಷ್ಯಪೂರ್ತಿ ತೆಗೆದುಕೊಳ್ಳಬೇಕು. ನಿಯಮದಂತೆ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ರಕ್ತಹೀನತೆಯಿಂದ ಬಳಲುವ ಹೆಂಗಸರು ಇದನ್ನು ಎರಡು ಬಾರಿ ಓದಿಕೊಳ್ಳಲಿ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ-೧ ಜೀವಸತ್ವವು ಬತ್ತಿ ಮಿದುಳಿಗೇ ಹಾನಿಯಾಗಬಹುದಾದುದರಿಂದ 'ಪಿತ್ತ' ಎಂದು ಲಿಂಬೆರಸ ಕುಡಿಸಿ ಸುಮ್ಮನಿರಬಾರದು. ಬೈಪಾಸಿನ ಬಳಿಕ ಮದ್ಯವು ಬೇಗನೆ ತಲೆಗೇರುವುದು. ಕೆಲವರಿಗೆ ಅದು ಚಟವೂ ಆಗುವುದು. ಮಕ್ಕಳಾಗಬೇಕಾದ ವಯಸ್ಸಿನವರು ಹನ್ನೆರಡರಿಂದ ಹದಿನೆಂಟು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂದು ವೈದ್ಯರು ಹೇಳುವರು. ಮಗಳ ಮದುವೆಗಾಗಿ ಅವಸರದಿಂದ ತೂಕವಿಳಿಸಹೊರಟ ತಾಯಿತಂದೆಗಳಿಗೆ ಈ ಒಂದು ಸಂಗತಿಯಾದರೂ ಮೊದಲೇ ತಿಳಿದಿರಬೇಕು.

ಇಷ್ಟನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿದೆವು. ಆದರೆ ಇನ್ನೊಂದು ತಟ್ಟೆಯನ್ನು ಬರಿದಾಗಿ ಬಿಟ್ಟು ತೂಗುವವನು ನ್ಯಾಯವಾದ ವರ್ತಕನಲ್ಲ. ಏನೂ ಮಾಡದೆ ಇರುವುದಕ್ಕೂ ಅದರದೇ ಅಪಾಯವಿರುವುದು. ಅದು ಸದ್ದಿಲ್ಲದೆ ಬರುವುದರಿಂದ ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ, ಅಷ್ಟೆ. ಸ್ವೀಡನ್ನಿನಲ್ಲಿ ೧೯೮೭ರಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಸ್ಥೂಲಕಾಯರನ್ನೂ, ಮಾಡಿಸಿಕೊಳ್ಳದ ಅಷ್ಟೇ ಮಂದಿಯನ್ನೂ ಜೊತೆಜೊತೆಗೆ ಅನುಸರಿಸಿದರು. ೨೦೨೦ರಲ್ಲಿ ಬಂದ ವರದಿಯಂತೆ, ಮಾಡಿಸಿಕೊಂಡವರ ಆಯುಷ್ಯವು ಮಾಡಿಸಿಕೊಳ್ಳದವರಿಗಿಂತ ಸುಮಾರು ಮೂರು ವರ್ಷ ಹೆಚ್ಚು. ಆದರೂ ಅದು ಸಾಮಾನ್ಯ ಜನರ ಆಯುಷ್ಯಕ್ಕಿಂತ ಐದೂವರೆ ವರ್ಷ ಕಡಮೆ. ಸಕ್ಕರೆ ರೋಗವಿದ್ದವರಲ್ಲಿ, ಎರಡು ವರ್ಷದ ಬಳಿಕ ಶೇಕಡ ೭೨ ಮಂದಿಗೆ ರೋಗವು ಹಿಮ್ಮೆಟ್ಟಿತ್ತು. ಹದಿನೈದು ವರ್ಷದ ಬಳಿಕ ಹಾಗೆ ಉಳಿದವರು ಶೇಕಡ ೩೦. ಮಾಡಿಸಿಕೊಳ್ಳದವರಲ್ಲಿ ಆ ಹೊತ್ತಿಗೆ ಶೇಕಡ ೬.೫ ಮಾತ್ರ. ಈ ಅಂಕೆಗಳು ಎರಡು ಕಡೆಯ ಅತಿಮಾತನ್ನೂ ತಿದ್ದುವುವು. ಇದು ಪವಾಡವಲ್ಲ, ವ್ಯರ್ಥವೂ ಅಲ್ಲ.

ಯಾರಿಗೆ ಇದು ತಕ್ಕದ್ದು? ದೇಹದ ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಎತ್ತರವನ್ನು ಮೀಟರಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿದರೆ ಬರುವುದು ಬಿ.ಎಂ.ಐ. ಎಂಬ ಸೂಚ್ಯಂಕ. ೨೦೨೨ರಲ್ಲಿ ಈ ವಿಷಯದ ಶಸ್ತ್ರವೈದ್ಯರ ಎರಡು ದೊಡ್ಡ ಸಂಘಗಳು ಕೂಡಿ, ಸೂಚ್ಯಂಕವು ೩೫ ದಾಟಿದವರಿಗೆ ಚಿಕಿತ್ಸೆಯನ್ನು ಸೂಚಿಸಬಹುದೆಂದೂ, ಏಷ್ಯದ ಜನರಿಗೆ ಕಡಮೆ ತೂಕದಲ್ಲಿಯೇ ಕೇಡು ತಗಲುವುದರಿಂದ ೨೭.೫ರಿಂದಲೇ ಅದನ್ನು ಯೋಚಿಸಬಹುದೆಂದೂ ಹೇಳಿದುವು. ೧೫೫ ಸೆಂಟಿಮೀಟರ್ ಎತ್ತರದ ಗೃಹಿಣಿಗೆ ೨೭.೫ ಎಂದರೆ ೬೬ ಕಿಲೋ. ೩೫ ಎಂದರೆ ೮೪ ಕಿಲೋ. ೪೦ ಎಂದರೆ ೯೬ ಕಿಲೋ. ಆದರೆ 'ಯೋಚಿಸಬಹುದು' ಎಂಬುದಕ್ಕೂ 'ಮಾಡಿಸಲೇಬೇಕು' ಎಂಬುದಕ್ಕೂ ಬಹಳ ಅಂತರವಿರುವುದು. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವು ಇನ್ನೂ ಬಿಗಿಯಾದುದು: ವಯಸ್ಸು ೧೮ ತುಂಬಿರಬೇಕು, ವೈದ್ಯರ ಸಲಹೆಯಿರಬೇಕು, ಇತರ ಉಪಾಯಗಳು ಫಲಿಸದೆ ಹೋಗಿರಬೇಕು, ಸೂಚ್ಯಂಕವು ೪೦ ಇರಬೇಕು, ಇಲ್ಲವೆ ೩೫ ಇದ್ದು ಹೃದ್ರೋಗ, ತೀವ್ರವಾದ ಉಸಿರುಕಟ್ಟು, ಹತೋಟಿಗೆ ಬಾರದ ಸಕ್ಕರೆ ರೋಗ ಇವುಗಳಲ್ಲಿ ಒಂದಾದರೂ ಇರಬೇಕು. ಹಣ ಹೊಂದಿಸುವ ಮುನ್ನ ವಿಮೆಯ ಪತ್ರವನ್ನು ಬಿಚ್ಚಿ ಓದಿಸಿಕೊಳ್ಳುವುದು ಒಳಿತು.

ಕತ್ತಿಯಲ್ಲದ ದಾರಿಯೂ ಈಗ ಅಗಲವಾಗಿರುವುದು. ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳಲ್ಲಿ ಟಿರ್ಜೆಪಟೈಡ್ ಎಂಬುದು ೨೦೨೫ರ ಮಾರ್ಚಿನಲ್ಲಿಯೂ, ತೂಕಕ್ಕೆಂದೇ ಒಪ್ಪಿದ ಸೆಮಾಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿಯೂ ಭಾರತದ ಪೇಟೆಗೆ ಬಂದುವು. ಇವುಗಳಿಂದ ಅನೇಕರಿಗೆ ಗಣ್ಯವಾಗಿ ತೂಕವಿಳಿಯುವುದು. ಆದರೆ ನಿಲ್ಲಿಸಿದರೆ ಬಹುಪಾಲು ಮರಳುವುದು. ವಾಕರಿಕೆ ಮೊದಲಾದ ಉಪದ್ರವಗಳೂ ಉಂಟು. ಕತ್ತಿಗೆ ಹೆದರುವವರು ವೈದ್ಯರೊಡನೆ ಈ ದಾರಿಯನ್ನು ಮೊದಲು ಮಾತಾಡಿನೋಡಬಹುದು. ಊಟದ ಹತೋಟಿ, ನಡಿಗೆ ಇವು ಯಾವ ದಾರಿಯಲ್ಲಿಯೂ ತಪ್ಪವು. 'ಉಣ್ಣೋದು ಕಡಿಮಿ ಮಾಡು' ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ನೂರು ಕಿಲೋ ದಾಟಿದ ದೇಹವು ಇಳಿದ ತೂಕವನ್ನು ಮತ್ತೆ ಕೂಡಿಸಿಕೊಳ್ಳಲು ತಾನೇ ಹೋರಾಡುವುದರಿಂದ, ಆ ಮಾತೊಂದರಿಂದಲೇ ಗೆದ್ದವರು ವಿರಳ. ಸೋತವರನ್ನು ಸೋಮಾರಿಗಳೆಂದು ಹಳಿಯುವುದು ಅನ್ಯಾಯ.

ಕೊನೆಗೆ ವೈದ್ಯರ ಮುಂದೆ ಕುಳಿತಾಗ ಕೇಳಬೇಕಾದ ಪ್ರಶ್ನೆಗಳು. ತಾವು ಇಂಥ ಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಮಾಡುವಿರಿ? ಅವರಲ್ಲಿ ಎಷ್ಟು ಮಂದಿಗೆ ತೊಡಕಾಯಿತು, ಏನು ಮಾಡಿದಿರಿ? ತೀವ್ರನಿಗಾ ಘಟಕವೂ, ರಕ್ತವೂ, ರಾತ್ರಿಯ ಹೊತ್ತು ಅರಿವಳಿಕೆಯ ವೈದ್ಯರೂ ಇಲ್ಲಿಯೇ ಇರುವರೇ? ನನಗೆ ಸ್ಲೀವನ್ನು ಹೇಳಿದುದೇಕೆ, ಬೈಪಾಸನ್ನು ಹೇಳದುದೇಕೆ? ಐದು ವರ್ಷದ ಬಳಿಕ ನನ್ನನ್ನು ನೋಡುವವರು ಯಾರು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಮುನಿಯುವುದಿಲ್ಲ. 'ಏನೂ ಆಗುವುದಿಲ್ಲ, ಹೆದರಬೇಡಿರಿ' ಎಂದಷ್ಟೇ ಹೇಳಿ, ಈ ತಿಂಗಳೊಳಗೆ ಬಂದರೆ ರಿಯಾಯಿತಿಯೆಂದು ಅವಸರಪಡಿಸುವ ಕಡೆಯಿಂದ ಎದ್ದುಬರುವುದೇ ಕ್ಷೇಮ.

ಮನೆಯವರು ತಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಒಂದುಂಟು. ಮೊದಲ ಎರಡು ವಾರ ಗುಟುಕು ಗುಟುಕಾಗಿ ದ್ರವವನ್ನೇ ಕುಡಿದು, ಆಮೇಲೆಯೂ ಚಿಕ್ಕ ಬಟ್ಟಲಿನಷ್ಟು ಊಟವನ್ನು ಅರ್ಧಗಂಟೆ ಅಗಿದು ತಿನ್ನುವವಳಿಗೆ, ಅನ್ನಕ್ಕಿಂತ ಮೊದಲು ಬೇಳೆ, ಮೊಟ್ಟೆ, ಮೊಸರನ್ನು ಬಡಿಸುವ ಕೈ ಮನೆಯಲ್ಲಿರುವುದೇ? ವರ್ಷವರ್ಷವೂ ಬಳ್ಳಾರಿಗೆ ಪರೀಕ್ಷೆಗೆ ಕರೆದೊಯ್ಯುವವರಿರುವರೇ? ಇರುವರಾದರೆ ಅಪಾಯದ ತಟ್ಟೆಯು ಬಹಳ ಹಗುರವಾಗುವುದು. ಇಲ್ಲವಾದರೆ ಎಂಥ ನಿಪುಣ ವೈದ್ಯರ ಕೆಲಸವೂ ಕೆಲವು ವರ್ಷಗಳಲ್ಲಿ ಕರಗುವುದು.

ಹೀಗೆ ತೂಗಿದ ಮೇಲೆ 'ಮಾಡಿಸಿಕೊಳ್ಳುವೆನು' ಎಂದವರನ್ನು ಸಾಹಸಿಗಳೆಂದು ಜರೆಯಬೇಕಾದುದಿಲ್ಲ. 'ಬೇಡ' ಎಂದವರನ್ನು ಹೇಡಿಗಳೆಂದು ಹೀಯಾಳಿಸಬೇಕಾದುದೂ ಇಲ್ಲ. ತೂಗದೆ ಹೆದರುವುದೂ, ತೂಗದೆ ಧೈರ್ಯಪಡುವುದೂ ಎರಡೂ ಒಂದೇ ತಪ್ಪು. ದೇಹವು ಒಬ್ಬರದು, ಅದರ ಆರೈಕೆಯು ಮನೆಯವರೆಲ್ಲರದು. ಆದುದರಿಂದ ನಿರ್ಧಾರವನ್ನು ರೋಗಿಯೇ ಮಾಡಲಿ, ಲೆಕ್ಕವನ್ನು ಎಲ್ಲರೂ ಕೂಡಿ ಹಾಕಲಿ.